ಸೆಲೀನಾ ಮಾತು ಕೊಡಲಿಲ್ಲ

ಸೆಲೀನಾ ನನ್ನ ತಂಗಿ ರೂಬಿಯ ಮಗಳು. ರೂಬಿ ತೀರಿಕೊಂಡ ಮೇಲೆ ಅವಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವಳು ನಾನು, ಎಫೀ ಪಾರ್ಡಿ. ಆದ್ದರಿಂದ ಅವಳ ವಿಷಯ ಮಾತಾಡುವ ಹಕ್ಕು ನನಗಿದೆ. ದ್ವೀಪದಂಚಿನ ನಮ್ಮೂರು ಹೇರಿಂಗ್ ಟಿಕಲ್‌ನ ಉಳಿದವರಿಗೆ ಆ ಹಕ್ಕಿಲ್ಲ, ಆದರೆ ಮಾತಾಡುವುದರಲ್ಲಿ ಅವರದೇ ಮೇಲುಗೈ.

ನಮ್ಮೂರಿಗೆ ರಸ್ತೆ ಇಲ್ಲ. ಜನರನ್ನು ದಾಟಿಸುವ ಫೆರಿ ಬಂದರೆ ಬಂತು, ಗಾಳಿ ಎದ್ದರೆ ಅದೂ ಇಲ್ಲ. ನರ್ಸಮ್ಮ ಹವೆ ನೋಡಿಕೊಂಡು ಬರುತ್ತಾಳೆ, ಹವೆ ನೋಡಿಕೊಂಡೇ ಓಡುತ್ತಾಳೆ. ಡಾಕ್ಟರು ಎನ್ನುವವರನ್ನು ಊರಿನೊಳಗೆ ಕಂಡು ಯಾವ ಕಾಲವಾಯಿತೋ. ಹೀಗಿರುವಾಗ ಸೆಲೀನಾ ಹೈಸ್ಕೂಲಿನಲ್ಲಿದ್ದ ಒಂದು ಬೇಸಿಗೆ, ಧಕ್ಕೆಯ ಮೇಲೆ ಕಾಡ್ ಮೀನು ಸೀಳುತ್ತ ಕೂತವಳು ಒಂದು ಮೀನಿನ ಹೃದಯವನ್ನು ಅಂಗೈ ಮೇಲಿಟ್ಟುಕೊಂಡು, ಅದು ಇನ್ನೂ ಮಿಡಿಯುವುದನ್ನು ನೋಡುತ್ತ ಕೆಲಸವನ್ನೇ ಮರೆತಳು. ಅದನ್ನು ಲಿಯಾಂಡರ್ ಬಂಗೇ ಕಂಡ. ಲಿಯಾಂಡರ್ ನಮ್ಮೂರ ಸಮಿತಿಯ ಅಧ್ಯಕ್ಷ, ಇರುವ ಒಂದೇ ಅಂಗಡಿಯ ಯಜಮಾನ, ಚರ್ಚಿನ ಹಾಲ್‌ನ ಬೀಗದ ಕೈಯೂ ಅವನದೇ. ಅವನ ಬಾಯಿಗೆ ಮಾತ್ರ ಬೀಗವಿಲ್ಲ. ಸೆಲೀನಾ ಡಾಕ್ಟರಾಗುತ್ತಾಳೆ ಎಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಅವಳನ್ನು ಯಾರೂ ಕೇಳಲಿಲ್ಲ. ಅವಳಿಗೂ ಆ ಆಸೆ ಇತ್ತು ಎನ್ನುವುದು ಬೇರೆ ಮಾತು.

ಅಂದಿನಿಂದ ಅವಳು 'ನಮ್ಮ ಡಾಕ್ಟರು'. ಏಡಿ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತರೆ, ಕೈ ಜೋಪಾನ ಡಾಕ್ಟರೇ ಎನ್ನುವರು. ಒಬ್ಬ ಹುಡುಗನ ಜೊತೆ ದೋಣಿಯಲ್ಲಿ ಹೋದರೆ, ಓದುವ ಹುಡುಗಿಗೆ ಇದೆಲ್ಲ ಬೇಕಾ ಎಂದು ನನ್ನ ಅಡಿಗೆಮನೆಗೆ ಬಂದು ಕೂರುವರು. ಸೇಂಟ್ ಜಾನ್ಸ್ ಪಟ್ಟಣಕ್ಕೆ ಡಿಗ್ರಿ ಓದಲು ಹೋದಾಗಲೂ ಬಿಡುಗಡೆ ಇರಲಿಲ್ಲ. ನಮ್ಮ ಮಕ್ಕಳು ಪಟ್ಟಣಕ್ಕೆ ಹೋದರೆ ನೆಂಟರ ಇಲ್ಲವೇ ಊರಿನವರ ಮನೆಯಲ್ಲೇ ಇರಬೇಕು. ಅವಳು ಇದ್ದದ್ದು ಲಿಯಾಂಡರನ ಅಕ್ಕನ ಮನೆಯಲ್ಲಿ. ಅವಳು ಊಟ ಬಿಟ್ಟರೆ ಆ ಸುದ್ದಿ ಸಂಜೆಯೊಳಗೆ ನಮ್ಮೂರ ಅಂಗಡಿ ತಲುಪುತ್ತಿತ್ತು.

ಮೆಡಿಕಲ್ ಸೀಟಿಗೆ ಅರ್ಜಿ ಹಾಕಿದಳು. ಸಿಗಲಿಲ್ಲ. ಮರುವರ್ಷ ಮತ್ತೆ ಹಾಕಿದಳು. ಆಗಲೂ ಇಲ್ಲ. ಪಟ್ಟಣದಲ್ಲಿ ಅರ್ಜಿ ತಿದ್ದಿಕೊಡುವ ಒಬ್ಬ ಮಹಾಶಯ ಅದನ್ನೆಲ್ಲ ಓದಿ ತಲೆ ಅಲ್ಲಾಡಿಸಿದನಂತೆ. ನಿನ್ನ ತಾಯಿ ಫೆಬ್ರವರಿಯಲ್ಲಿ ಫೆರಿ ಇಲ್ಲದೆ, ಮಂಜಿಗೆ ಹೆಲಿಕಾಪ್ಟರ್ ಇಳಿಯದೆ ಸತ್ತಳಲ್ಲ, ಅದನ್ನೇ ಬರಿ, ಓದಿದವರು ಕಣ್ಣೀರು ಹಾಕಬೇಕು ಎಂದನಂತೆ. ನನಗೂ ಅದೇ ಸರಿ ಅನ್ನಿಸಿತ್ತು. ಬರೆದರೆ ಏನು ಗಂಟು ಹೋಗುತ್ತದೆ ಎಂದು ಕೇಳಿದೆ.

"ಅಮ್ಮ ಸತ್ತಿದ್ದು ನನ್ನದು ದೊಡ್ಡಮ್ಮ," ಎಂದಳು. "ಅದನ್ನ ಸಂತೇಲಿಟ್ಟು ಸೀಟು ತಗೊಳ್ಳಲ್ಲ. ನಂಗೆ ಹೃದಯ ಹೇಗೆ ಕೆಲಸ ಮಾಡತ್ತೆ ಅಂತ ನೋಡೋದು ಇಷ್ಟ. ಅಷ್ಟೇ ಬರೀತೀನಿ."

ಮೂರನೆಯ ಸಲವೂ ಅಷ್ಟೇ ಬರೆದಳು. ಆ ವರ್ಷ ದಾಟಿದರೆ ಅವಳ ಪ್ರವೇಶ ಪರೀಕ್ಷೆಯ ಅಂಕದ ವಾಯಿದೆ ಮುಗಿಯುತ್ತಿತ್ತು, ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಬರೆಯಬೇಕಿತ್ತು. ಇನ್ನೊಮ್ಮೆ ಬರೆಯಲಾರೆ ಎಂದು ಅವಳೇ ಹೇಳಿಬಿಟ್ಟಿದ್ದಳು. ಇದೇ ಕೊನೆ ಎಂದು ನಾನೂ ಆಸೆ ಬಿಟ್ಟು ಕೂತಿದ್ದಾಗ ದ್ವೀಪದಾಚೆಯ ದೊಡ್ಡ ಕಾಲೇಜೊಂದರಿಂದ ಇಂಟರ್‌ವ್ಯೂಗೆ ಕರೆ ಬಂತು.

ಊರು ಸುಮ್ಮನಿರುತ್ತದೆಯೇ? ಲಿಯಾಂಡರ್ ಟೈ ಕಟ್ಟಿಕೊಂಡು ನಮ್ಮ ಅಡಿಗೆಮನೆಗೆ ಬಂದು, ತಾನೇ ಪ್ರೊಫೆಸರಾಗಿ ಮೇಜಿನಾಚೆ ಕೂತ. ಒಂದೇ ಒಂದು ಪ್ರಶ್ನೆ ಗ್ಯಾರಂಟಿ ಎಂದ: ಓದಿ ಮುಗಿಸಿ ಹಳ್ಳಿಗೆ ವಾಪಸ್ ಹೋಗುತ್ತೀಯಾ? ಹೌದು ಎಂದರೆ ಸೀಟು ಕೈಯಲ್ಲಿದ್ದ ಹಾಗೆ. ಅವಳು ರೊಟ್ಟಿಗೆ ಕಾಕಂಬಿ ಸುರಿದುಕೊಂಡು ತಿನ್ನುತ್ತ ಅವನನ್ನೇ ನೋಡುತ್ತಿದ್ದಳು, ಉತ್ತರ ಮಾತ್ರ ಹೇಳಲಿಲ್ಲ. ಅವಳ ಜೊತೆ ನೀನೂ ಹೋಗು ಎಂದು ಸಮಿತಿಯವರು ನನಗೆ ಗಂಟುಬಿದ್ದರು. ನಾನು ಹೊರಟೆ.

ಕಾಲೇಜಿನಲ್ಲಿ ನನ್ನನ್ನು ಕೆಳಗೆ ಅಪ್ಪ ಅಮ್ಮಂದಿರ ಕೋಣೆಯಲ್ಲಿ ಕೂರಿಸಿ ಅವಳನ್ನು ಮೇಲೆ ಕರೆದುಕೊಂಡು ಹೋದರು. ಅಲ್ಲಿ ನಡೆದದ್ದನ್ನು ಅವಳು ಆಮೇಲೆ ಹೇಳಿದಳು. ಉದ್ದನೆಯ ಕಾರಿಡಾರು, ಸಾಲಾಗಿ ಮುಚ್ಚಿದ ಬಾಗಿಲುಗಳು. ಕಪ್ಪು ಕೋಟಿನ ಹುಡುಗ ಹುಡುಗಿಯರು ಒಂದೊಂದು ಬಾಗಿಲ ಮುಂದೆ ಒಬ್ಬೊಬ್ಬರು. ಬಾಗಿಲಿಗೆ ಅಂಟಿಸಿದ ಪ್ರಶ್ನೆ ಓದಬೇಕು, ಗಂಟೆ ಬಾರಿಸಿದಾಗ ಬಾಗಿಲು ತಟ್ಟಬೇಕು, ಆಮೇಲೆ ಒಳಗೆ ಹೋಗಬೇಕು, ಅದು ಮುಗಿದರೆ ಮುಂದಿನ ಬಾಗಿಲು. ಇದನ್ನೆಲ್ಲ ಬಿಡಿಸಿಯೇ ಹೇಳಿದ್ದರು. ಆದರೆ ಒಳಗಿನಿಂದ ಯಾರೋ ಕೆಮ್ಮಿದ್ದು ಕೇಳಿತು. ಇವಳು ಬಾಗಿಲು ತೆಗೆದು ನೆಟ್ಟಗೆ ಒಳಗೆ ನಡೆದು, ಕುರ್ಚಿ ಎಳೆದುಕೊಂಡು ಕೂತು, ಚಹಾ ಏನಾದರೂ ಕುಡಿದಿರಾ, ಗಂಟಲು ಕಟ್ಟಿದೆಯಲ್ಲ ಎಂದು ಕೇಳಿಬಿಟ್ಟಳು. ಗಂಟೆ ಇನ್ನೂ ಬಾರಿಸಿರಲಿಲ್ಲ. ನಮ್ಮೂರಲ್ಲಿ ಯಾರ ಮನೆಯ ಬಾಗಿಲನ್ನೂ ಯಾರೂ ತಟ್ಟುವುದಿಲ್ಲ. ತಟ್ಟಿದ ಸದ್ದು ಕೇಳಿದರೆ ಪೊಲೀಸರು ಬಂದಿದ್ದಾರೆ, ಇಲ್ಲವೇ ಸಾವಿನ ಸುದ್ದಿ ಹೊತ್ತು ಪಾದ್ರಿ ಬಂದಿದ್ದಾನೆ ಎಂದು ಎದೆ ಧಸಕ್ಕೆನ್ನುತ್ತದೆ. ಒಳಗಿದ್ದ ಮೇಷ್ಟರು ಹೊರಗೆ ಹೋಗಿ ಮತ್ತೆ ಸರಿಯಾಗಿ ಬಾ ಎಂದರು. ಹೋಗಿ, ತಟ್ಟಿ, ಬಂದಳು.

ಇದನ್ನು ಹೇಳುವಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಆಮೇಲೆ ಲಿಯಾಂಡರ್ ಹೇಳಿದ ಆ ಪ್ರಶ್ನೆ ಬಂತಾ ಎಂದು ಕೇಳಿದೆ. ಕೊನೇ ಬಾಗಿಲಲ್ಲಿ ಬಂತು ಎಂದಳು.

"ಏನು ಹೇಳ್ದೆ?"

"ಗೊತ್ತಿಲ್ಲ ಅಂದೆ."

ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ದೂರ ಬಂದು, ಕೊನೆಯ ಅವಕಾಶದಲ್ಲಿ, 'ಹೌದು' ಎಂಬ ಒಂದು ಮಾತು ಆಡಲು ನಿನ್ನ ನಾಲಿಗೆಗೇನು ರೋಗ ಎಂದು ಬೈದೆ. ಅವಳು ಸಮಾಧಾನವಾಗಿಯೇ ಉತ್ತರ ಕೊಟ್ಟಳು.

"ಇನ್ನೊಂದು ಮಾತೂ ಹೇಳ್ದೆ. ನನ್ನ ಪಕ್ಕದ ಬಾಗಿಲಲ್ಲಿ ನಿಂತಿದ್ದ ಹುಡುಗ ಇದೇ ಊರಿನ ಡಾಕ್ಟರ ಮಗ. ಓದು ಮುಗಿಸಿ ನಿಮ್ಮಪ್ಪನ ಬೀದಿಗೇ ವಾಪಸ್ ಹೋಗ್ತೀಯಾ ಅಂತ ಅವನನ್ನೂ ಕೇಳಿದ್ರಾ ಅಂದೆ. ಅವನ ಉತ್ತರ ಬರ್ಕೊಂಡಿದ್ರೆ ನಂದೂ ಬರ್ಕೊಳ್ಳಿ ಅಂದೆ."

ಸೀಟು ಹೋಯಿತು ಎಂದೇ ಲೆಕ್ಕ ಹಾಕಿದೆ. ಹೋಗಿದ್ದರೆ ಹೋಗಲಿ ಎನ್ನುವ ಹಾಗೆ ಅವಳು ಎದ್ದು, ಕಾಲೇಜು ತೋರಿಸಲು ಬಂದ ಹುಡುಗಿಯ ಹಿಂದೆ ಹೊರಟಳು. ಆ ಹುಡುಗಿಯ ಹೆಸರು ಮಾರ್ಗೋ, ಎರಡನೆಯ ವರ್ಷದವಳು. ಬಂದ ಅಭ್ಯರ್ಥಿಗಳನ್ನು ಅಲ್ಲಿನ ವಿದ್ಯಾರ್ಥಿಗಳು ಒಂದು ರಾತ್ರಿ ತಮ್ಮ ಹಾಸ್ಟೆಲಿನ ಖಾಲಿ ರೂಮಿನಲ್ಲಿ ಉಳಿಸಿಕೊಳ್ಳುವುದು ಆ ಕಾಲೇಜಿನ ರೂಢಿ. ಅಲ್ಲಿನ ಬದುಕು ಹೇಗಿದೆ ಎಂದು ಕಣ್ಣಾರೆ ಕಂಡು ತೂಗಿ ನೋಡಲಿ ಎಂದು ಹಾಗಂತೆ. ನನಗೆ ಹತ್ತಿರದಲ್ಲೇ ಬೇರೆ ಕೋಣೆ ಕೊಟ್ಟರು, ಊಟಕ್ಕೆ ಮಾತ್ರ ನಾನೂ ಅವರ ಜೊತೆ ಹೋದೆ.

ನಾನು ಕಂಡದ್ದನ್ನು ಹೇಳುತ್ತೇನೆ. ನಾಲ್ವರಿಗೆ ಒಂದೇ ಅಡಿಗೆಮನೆ. ಫ್ರಿಜ್ ತೆಗೆದರೆ ಒಬ್ಬೊಬ್ಬರ ಹಾಲಿನ ಡಬ್ಬಿಗೆ ಒಬ್ಬೊಬ್ಬರ ಹೆಸರು. ಒಬ್ಬ ಹುಡುಗ ಬಂದು, ಡಬ್ಬಿಯಲ್ಲಿದ್ದ ತಣ್ಣನೆಯ ಅನ್ನವನ್ನು ನಿಂತೇ ತಿಂದು, ನಮಗೆ ತಲೆ ಅಲ್ಲಾಡಿಸಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಅವನು ಎಲ್ಲಿಯವನು ಎಂದು ಕೇಳಿದೆ. ಪಶ್ಚಿಮದ ಕಡೆಯವನಿರಬೇಕು ಎಂದಳು ಮಾರ್ಗೋ. ಒಂದು ವರ್ಷದಿಂದ ಗೋಡೆಯಾಚೆ ಇರುವವನು, ಇರಬೇಕಂತೆ!

ಮಾರ್ಗೋ ಒಳ್ಳೆಯ ಹುಡುಗಿ, ಏನನ್ನೂ ಮುಚ್ಚಿಡಲಿಲ್ಲ. ಮೊದಲ ಚಳಿಗಾಲ ತಾನು ಹೆಣ ಕೊಯ್ಯುವ ಕೋಣೆಯ ಪಕ್ಕದ ಬಚ್ಚಲಲ್ಲಿ ಎಷ್ಟೋ ಸಲ ಅತ್ತದ್ದುಂಟು ಎಂದಳು. ಪರೀಕ್ಷೆ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬರುತ್ತದೆ, ಊರಿನ ಗೆಳತಿಯರ ಮದುವೆ ಎಲ್ಲ ಫೋಟೋದಲ್ಲಿ ನೋಡಿದ್ದು, ಶನಿವಾರ ಸ್ಕೇಟಿಂಗ್ ಹೋಗುವುದೊಂದೇ ಸುಖ ಎಂದಳು. ನನ್ನ ಮನಸ್ಸಿಗೆ ಸಮಾಧಾನವಾಯಿತು, ಹುಡುಗಿ ಇದನ್ನೆಲ್ಲ ಕಂಡು ಬೆದರಿರುತ್ತಾಳೆ, ಸೀಟು ಹೋದರೂ ದುಃಖವಿಲ್ಲ ಎಂದುಕೊಂಡೆ. ಸೆಲೀನಾ ಮಾತ್ರ ಕೇಳಿದ್ದೇ ಕೇಳಿದ್ದು. ನಿದ್ದೆ ಎಷ್ಟು ಸಿಗುತ್ತದೆ, ಒಂದು ಹೆಣಕ್ಕೆ ಎಷ್ಟು ಜನ, ಮೇಷ್ಟರುಗಳು ಕಿರುಚುತ್ತಾರಾ, ಫೇಲಾದವರು ಏನು ಮಾಡುತ್ತಾರೆ.

ವಾಪಸ್ ಬರುವಾಗ ವಿಮಾನದಲ್ಲಿ ನಾನೇ ಮಾತು ತೆಗೆದೆ. ಅದೊಂದು ಬದುಕಾ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲವಲ್ಲ ಎಂದೆ.

"ದೊಡ್ಡಮ್ಮ, ನಿನ್ನೆ ನಾನು ಬಾಗಿಲು ಹಾಕ್ಕೊಂಡು ಮಲಗ್ದೆ," ಎಂದಳು. "ಬೆಳಿಗ್ಗೆ ತನಕ ಯಾರೂ ಒಳಗೆ ಬರ್ಲಿಲ್ಲ. ಹುಟ್ಟಿದಾಗಿಂದ ಇದೇ ಮೊದಲು."

"ಒಂಟಿಯಾಗ್ತೀಯ ಕಣೇ."

"ಆಗ್ತೀನಿ. ಅಳ್ತೀನಿ ಕೂಡ. ಅತ್ರೆ ಆ ಅಳು ನಂದೇ ಆಗಿರತ್ತೆ. ಮಧ್ಯಾಹ್ನದ ಹೊತ್ತಿಗೆ ಲಿಯಾಂಡರ್ ಮಾವನ ಅಂಗಡಿಲಿ ಇರಲ್ಲ."

ನಾನು ಕಿಟಕಿಯ ಕಡೆ ತಿರುಗಿ ಕೂತೆ. ನಮ್ಮ ಮನೆಯಲ್ಲಿ ಅವಳಿಗೆ ಏನು ಕಡಿಮೆ ಮಾಡಿದ್ದೆ ನಾನು?

ವಸಂತದಲ್ಲಿ, ಕೊಲ್ಲಿಯ ಮಂಜುಗಡ್ಡೆ ಒಡೆಯುವ ಹೊತ್ತಿಗೆ, ಸೀಟು ಸಿಕ್ಕಿತು. ಕೊನೇ ಬಾಗಿಲಿನವರು ಅವಳ ಮಾತಿಗೆ ಏನು ಬರೆದುಕೊಂಡರೋ ದೇವರಿಗೇ ಗೊತ್ತು, ಸೀಟಂತೂ ಕೊಟ್ಟರು. ಅವಳು ಫೋನಿನಲ್ಲಿ ಆ ಪತ್ರ ಓದುತ್ತಿದ್ದಾಗ ಲಿಯಾಂಡರ್ ಮೊಟ್ಟೆ ಕೊಡಲು ಒಳಗೆ ಬಂದ. ಅವಳು ನನಗೆ ಹೇಳುವ ಮೊದಲೇ ಅವನು ಧಕ್ಕೆಗೆ ಓಡಿ ಬಾವುಟ ಏರಿಸಿದ. ಶನಿವಾರ ಚರ್ಚಿನ ಹಾಲ್‌ನಲ್ಲಿ ಊರೂಟ. ಬಟಾಣಿ ಸೂಪು, ಉಪ್ಪು ಮಾಂಸ, ಡಬ್ಬಿ ಹಾಲಿನ ಚಹಾ, ಮೇಲೆ ಸ್ಟೆತಾಸ್ಕೋಪಿನ ಚಿತ್ರ ಬಿಡಿಸಿದ ಕೇಕು. ಅಕಾರ್ಡಿಯನ್ ನುಡಿಸುವವನೂ ಬಂದಿದ್ದ.

ಊಟವಾದ ಮೇಲೆ ಲಿಯಾಂಡರ್ ಎದ್ದು ನಿಂತ. ಹಳೆಯ ದವಾಖಾನೆಯ ಕೋಣೆಗೆ ಬಣ್ಣ ಹೊಡೆಸುತ್ತೇವೆ, ಒಲೆ ಹಾಕಿಸುತ್ತೇವೆ, ನಮ್ಮ ಡಾಕ್ಟರು ಬರುವ ಹೊತ್ತಿಗೆ ಎಲ್ಲ ತಯಾರಿರುತ್ತದೆ ಎಂದ. ಜನ ಮೇಜು ಬಡಿದರು. ಆಮೇಲೆ ಅವನು ಸೆಲೀನಾಳ ಕಡೆ ತಿರುಗಿದ.

"ಬಾರಮ್ಮ ಮುಂದೆ. ಇಷ್ಟು ಜನ ನಿನಗೋಸ್ಕರ ಕಾಯ್ತಿದ್ದಾರೆ. ಓದು ಮುಗಿಸಿ ಇಲ್ಲಿಗೇ ಬರ್ತೀನಿ ಅಂತ ಎಲ್ಲರ ಎದುರು ಒಂದು ಮಾತು ಕೊಡು."

ಅವಳು ಎದ್ದಳು.

"ನೀವು ಬೇಯಿಸಿದ್ದು ಉಂಡಿದ್ದೀನಿ, ನಿಮ್ಮ ಮಕ್ಕಳ ಸ್ವೆಟರ್ ಹಾಕ್ಕೊಂಡು ಬೆಳೆದಿದ್ದೀನಿ," ಎಂದಳು. "ಅದನ್ನ ಮರೆಯಲ್ಲ. ಆದ್ರೆ ಮಾತು ಕೊಡಲ್ಲ. ಬಂದ್ರೂ ಬರ್ತೀನಿ, ಬರ್ದೇನೂ ಇರಬಹುದು. ಓದು ಮುಗಿಯೋ ಹೊತ್ತಿಗೆ ನಾನು ಹೇಗಿರ್ತೀನೋ ನಂಗೇ ಗೊತ್ತಿಲ್ಲ. ಇವತ್ತು ಹೂಂ ಅಂದ್ರೆ ಸುಳ್ಳಾಗತ್ತೆ."

ಹಾಗಾದರೆ ನಾವು ಸೂಪು ಮಾಡಿದ್ದು ಯಾತಕ್ಕೆ ಎಂದು ಹಿಂದಿನಿಂದ ಒಬ್ಬಳು ಮುದುಕಿ ಗೊಣಗಿದಳು. ಇನ್ಯಾರೋ, ರೂಬಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದರು. ಸೆಲೀನಾ ಕೂರಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಆಗ ಲಿಯಾಂಡರ್ ನನ್ನ ಕಡೆ ನೋಡಿದ.

"ಎಫಕ್ಕ, ನೀನಾದ್ರೂ ಹೇಳು. ನಿನ್ನ ಮಾತು ತೆಗೆದುಹಾಕಲ್ಲ ಅವಳು."

ಅವನು ಹೇಳಿದ್ದು ನಿಜ. ಕಾಲೇಜಿನವರಿಗೆ ಇಲ್ಲ ಎನ್ನುತ್ತಾಳೆ, ಊರಿಗೆ ಇಲ್ಲ ಎನ್ನುತ್ತಾಳೆ, ಆದರೆ ನಾನು ಎದುರು ನಿಂತು 'ಬಾ ಮಗಳೇ' ಎಂದರೆ ಅವಳು ಹೂಂ ಎಂದೇ ಅನ್ನುತ್ತಿದ್ದಳು. ಹೂಂ ಎಂದ ಮೇಲೆ ಬಂದೂ ಬರುತ್ತಿದ್ದಳು, ಅವಳ ಜಾಯಮಾನವೇ ಹಾಗೆ. ಅವಳು ನನ್ನನ್ನೇ ನೋಡುತ್ತಿದ್ದಳು. ಆ ಕಣ್ಣಿನಲ್ಲಿ ಹೆದರಿಕೆ ಇದ್ದದ್ದು ಆ ಸಂಜೆ ಅದೊಂದೇ ಸಲ. ನಾನೇನು ಹೇಳುತ್ತೇನೋ ಎನ್ನುವ ಹೆದರಿಕೆ.

ನಾನು ಎದ್ದೆ.

"ಲಿಯಾಂಡರ್, ನಿನ್ನ ಮಗ ದುಡಿಯೋಕೆ ಆಲ್ಬರ್ಟಾಕ್ಕೆ ಹೋದ್ನಲ್ಲ, ಅವನ ಕೈಲಿ ಆಣೆ ಮಾಡಿಸಿದ್ಯಾ? ಇಲ್ಲಿರೋರಲ್ಲಿ ಯಾರ ಮಗ ಮಾತು ಕೊಟ್ಟು ಹೋದ? ಊರಿಗೆ ಡಾಕ್ಟರು ಬೇಕಾದ್ರೆ ಸರ್ಕಾರದ ಕುತ್ತಿಗೆ ಹಿಡ್ಕೊಳ್ಳಿ, ನಾನೂ ಬರ್ತೀನಿ ಜಗಳಕ್ಕೆ. ನನ್ನ ಮಗು ಕುತ್ತಿಗೆ ಬಿಡಿ. ಮತ್ತೆ, ರೂಬಿ ಹೆಸರು ಎತ್ತಿದವರು ಯಾರೋ, ಇನ್ನೊಂದ್ಸಲ ಎತ್ತಿದ್ರೆ ಸೂಪು ತಲೆ ಮೇಲೆ ಸುರೀತೀನಿ."

ನಾನು ಅವಳ ಕಡೆ ತಿರುಗಿದೆ. ಹೇಳಬೇಕಾದದ್ದು ಇನ್ನೂ ಒಂದಿತ್ತು.

"ನೀನು ವಾಪಸ್ ಬರಬೇಕಾಗಿಲ್ಲ, ಸೆಲೀನಾ. ನನಗೋಸ್ಕರಾನೂ ಬರಬೇಕಾಗಿಲ್ಲ."

ಅಷ್ಟು ಹೊತ್ತು ನೆಟ್ಟಗೆ ನಿಂತಿದ್ದ ಹುಡುಗಿ ಆಗ ಅತ್ತಳು, ಎಲ್ಲರ ಎದುರಿಗೇ. ನಾನು ಕೂತುಕೊಂಡೆ. ಲಿಯಾಂಡರನಿಗೆ ಡಾಕ್ಟರು ಬೇಕಿತ್ತು, ಊರಿಗೆ ಡಾಕ್ಟರು ಬೇಕಿತ್ತು. ನನಗೆ ಡಾಕ್ಟರು ಬೇಕಿರಲಿಲ್ಲ. ಅವಳು ಬರಲಿ ಎಂದು ನನ್ನಷ್ಟು ಬಯಸುವವರು ಆ ಹಾಲ್‌ನಲ್ಲಿ ಇನ್ನೊಬ್ಬರಿರಲಿಲ್ಲ.