ಸುವರ್ಣಾನ ಕ್ವಾರಿಹಲ್ಲು

ನನ್ನ ತಂಗಿ ಸುವರ್ಣಾ ಬಾಯಿ ತುಂಬ ನಗೂದನ್ನ ಆಕಿ ಹಡೆದ ಮಗಳೇ ನೋಡಿಲ್ಲ. ನಗು ಬಂತಂದ್ರ ಸೆರಗು ಬಾಯಿಗೆ ಹೋಗತೈತಿ. ಗೊಳಸಂಗಿಯೊಳಗ ಅಂಗನವಾಡಿ ಟೀಚರ್ ಅದಾಳ, ಕೂಸುಗೋಳಿಗೆ ಹಾಡು ಕಲಸ್ತಾಳ, ಅಲ್ಲಿನೂ ಹಂಗ. ಊರ ಮಂದಿ ಟೀಚರ್ ಭಾಳ ಗಂಭೀರ ಅಂತಾರ. ಗಂಭೀರ ಅಂತ, ಇವರ ತಲಿ! ನಮ್ಮ ಇಂಗಳೇಶ್ವರದಾಗ ಇರೂತನಕ ಆಕಿ ನಕ್ಕರ ಇಡೀ ಓಣಿಗೆ ಕೇಳತಿತ್ತು.

ನಮ್ಮಪ್ಪ ಪರಪ್ಪಂದು ದೊಡ್ಡ ದೊಡ್ಡ ಹಲ್ಲು, ಗೋವಿನಜ್ವಾಳದ ಕಾಳಿನಂಥವು. ಅವ್ವ ಹೊನ್ನವ್ವಂದು ಸಣ್ಣ ಬಾಯಿ, ಇಕ್ಕಟ್ಟಿನ ದವಡಿ. ಸುವರ್ಣಾಗ ಅಪ್ಪನ ಹಲ್ಲು ಅವ್ವನ ದವಡಿಯೊಳಗ ಬಂದ್ವು. ಉಳಿದ ಹಲ್ಲು ಕುಂಡ್ರೂದರಾಗ ಜಾಗಾ ಮುಗೀತು. ಮ್ಯಾಲಿನ ಎರಡು ಚೂಪನ್ನ ಕ್ವಾರಿಹಲ್ಲು ಎಲ್ಲಾದಕ್ಕಿಂತ ತಡಾ ಮಾಡಿ ಬಂದ್ವು, ಜಾಗಾ ಸಿಗದ ವಸಡಿನ ಮ್ಯಾಲ ಹತ್ತಿ ನಿಂತ್ವು. ನಕ್ಕಾಗ ಮೊದಲ ಕಾಣತಿದ್ವು. ಆ ನಗು ನೋಡಿ ನನಗ ಹೊಟ್ಟಿಕಿಚ್ಚು ಆಗತಿತ್ತು, ಸುಳ್ಳ ಯಾಕ ಹೇಳ್ಲಿ.

ದೊಡ್ಡಾಕಿ ಆದಮ್ಯಾಲ ಸ್ವಾದರಮಾವ ಸಿದ್ದಲಿಂಗನ ಮಗ ಅಮಿತಗ ಆಕಿನ್ನ ಕೊಡೂದಂತ ಮಾತಾತು. ಸ್ವಾದರಮಾವನ ಮನಿಗೆ ಕೊಡುವಾಗ ಕನ್ಯಾ ನೋಡೂದು ಎಲ್ಲಿಂದು? ಸಣ್ಣಾಕಿದ್ದಾಗಿಂದ ನೋಡಿದ ಮಾರಿ. ಹಿರ್ಯಾರು ಕುಂತು ಸಕ್ಕರಿ ಹಂಚಿದ್ರ ಮುಗೀತು, ವರನ ಮನಸಿನ್ಯಾಗ ಏನೈತಿ ಅಂತ ಯಾರೂ ಕೇಳೂದಿಲ್ಲ. ಅವ್ವಗ ತವರಮನಿ ಅಂದ್ರ ಜೀವ. ಅಣ್ಣನ ಮನಿಗೆ ಒಂದು ಕುಂದಿಲ್ಲದ ಸೊಸಿನ್ನ ಕೊಡಬೇಕಂತ ಹಟಾ ಹಿಡಿದ್ಲು.

ಬಾಗೇವಾಡಿಯೊಳಗ ಒಬ್ಬ ಹಲ್ಲಿನ ಡಾಕ್ಟರ್‌ಗೆ ತೋರಿಸಿದ್ವಿ. ಅವರು ಸುವರ್ಣಾನ ಬಾಯಿದು ಅಚ್ಚು ತಗೊಂಡು, ಹಲ್ಲಿನ ಅಗಲ ಅಳೆದು, ದವಡಿಗಿಂತ ಹಲ್ಲು ಹೆಚ್ಚಾಗ್ಯಾವ ಅಂದ್ರು. ಕ್ವಾರಿಹಲ್ಲು ಮುಟ್ಟೂದು ಬ್ಯಾಡ, ಅವುಗಳ ಹಿಂದಿನ ಒಂದೊಂದು ತಗದು, ತಂತಿ ಹಾಕಿ ಇವನ್ನ ಸಾವಕಾಶ ಕೆಳಗ ಇಳಿಸೂಣು, ಎರಡು ವರ್ಷ ಹಿಡೀತೈತಿ ಅಂದ್ರು. ಅವ್ವ ಕುಂತಲ್ಲಿಂದ ಎದ್ದೇಬಿಟ್ಲು. ಬಾಯಾಗ ತಂತಿ ಹಾಕ್ಕೊಂಡು ಅರಿಷಿಣಕ್ಕ ಕುಂಡ್ರತಾಳೇನು, ಮಂದಿ ಏನಂದಾರು ಅಂತ ಆಕಿ ವಾದ. ಮರುವಾರ ಮುದ್ದೇಬಿಹಾಳಕ್ಕ ಕರಕೊಂಡು ಹೋಗಿ, ಕಾಣೂವು ಎರಡೂ ಕೀಳಿಸಿಕೊಂಡು ಬಂದ್ಲು. ತಡಾ ಮಾಡಿ ಹತ್ತಿದವರಿಗೆ ಸೀಟ್ ಇಲ್ಲಂತ ಬಸ್ಸಿನಿಂದ ದಬ್ಬಿದಂಗಾತು.

ಲಗ್ನದ ಹೊತ್ತಿಗೆ ಗಾಯ ಮಾದಿತ್ತು. ಆಮ್ಯಾಲ ತುಟಿಯ ಎರಡೂ ಮೂಲಿ ಕುಸಿದ್ವು, ಮ್ಯಾಲಿನ ಸಾಲು ಒಳಗ ಸರೀತು, ಮುಂದಿನ ಹಲ್ಲಿಲೆ ರೊಟ್ಟಿ ಹರಿಯೂದು ನಿಂತು ಹೋತು. ಅಮಿತ ಮೊದಲ ಕೇಳಿದ್ದೇ, ಆ ಎರಡು ಹಲ್ಲು ಎಲ್ಲಿ ಅಂತ. ಅವ ಮನಸೋತದ್ದೇ ಆ ನಗುವಿಗಂತ, ಅದಕ್ಕ ಸಿಂದಗಿ ಕಡೆಯಿಂದ ಬಂದ ಸಂಬಂಧ ಒಲ್ಲೆ ಅಂದಿದ್ನಂತ. ಸುವರ್ಣಾ ಇದನ್ನ ನನ್ನ ಮುಂದ ಹೇಳಿ, ಅವ್ವಗ ತಿಳಿಸಬ್ಯಾಡಂತ ಆಣಿ ಹಾಕಿಸಿದ್ಲು. ಹಾಳಾದ ಆಣಿ, ಹೊಟ್ಟಿಯೊಳಗ ಇಟ್ಕೊಂಡೀನಿ.

ಈ ವರ್ಷ ಆಕಿ ಮಗಳು ಭಾಗ್ಯಜ್ಯೋತಿಗೂ ಹಂಗ ಎರಡು ಹಲ್ಲು ಮ್ಯಾಲ ಬಂದ್ವು. ಅವ್ವಂದು ಅದೇ ರಾಗ, ಕೀಳಿಸಿ ಒಗೀರಿ ಅಂತ. ಸುವರ್ಣಾಂದು ಕೀಳಿಸಿದ್ದಕ್ಕ ಏನ ಕೆಟ್ಟೈತಿ, ಸಂಸಾರ ನಡದಿಲ್ಲೇನು ಅಂದ್ಲು. ನನ್ನ ಮೈ ಉರೀತು. ಸುವರ್ಣಾ ಎದುರು ಆಡಲಿಲ್ಲ, ಮಗಳನ್ನ ಕರಕೊಂಡು ಬಾಗೇವಾಡಿಗೆ ಬರೂ ತಂತಿ ಡಾಕ್ಟರ್ ಕಡೆ ಹೊಂಟ್ಲು. ಕೀಳಿಸೇ ತೀರಬೇಕಂತ ಅವ್ವ ಬೆನ್ನು ಹತ್ತಿದ್ಲು. ಇವರಿಬ್ಬರ ನಡುವ ನಾನೂ ಹೋದೆ.

ಈ ಡಾಕ್ಟರ್ ವಯಸಿನ ಹುಡುಗಿ. ಭಾಗ್ಯಜ್ಯೋತಿ ಬಾಯಿ ನೋಡಿ, ದವಡಿ ಯಾರ ಹಂಗ ಬಂದೈತಿ ನೋಡೂಣು, ನೀವೂ ಬಾಯಿ ತಗೀರಿ ಅಂದ್ಲು ಸುವರ್ಣಾಗ. ಮಗಳ ಸಲುವಾಗಿ ಆಕಿ ಸೆರಗು ಸರಿಸಿ ಬಾಯಿ ತಗದ್ಲು. ಡಾಕ್ಟರ್ ಬ್ಯಾಟರಿ ಹಿಡಿದು ನೋಡಿ, ನಿಮಗ ಕ್ವಾರಿಹಲ್ಲು ಹುಟ್ಟೇ ಇಲ್ಲೇನ್ರಿ ಅಂತ ಕೇಳಿದ್ಲು. ಕೆಲವರಿಗೆ ಹುಟ್ಟೂದಿಲ್ಲಂತ.

ಸುವರ್ಣಾ ಅವ್ವನ ಕಡೆ ನೋಡಿದ್ಲು. "ಇಲ್ರಿ, ನನಗ ಬರಲೇ ಇಲ್ಲ" ಅಂದ್ಲು.

ಅವ್ವ ಮಗಳ ಮಾರಿ ನೋಡಕೋತ ಕುಂತ್ಲು. ಮಗಳು ತನ್ನ ಸಲುವಾಗಿ ಸುಳ್ಳು ಹೇಳಿದ್ದು ಆಕಿಗೆ ತಿಳೀತು.

"ಬಂದಿದ್ವುರಿ ಯವ್ವಾ. ಗಟ್ಟಿಯಾಗೇ ಇದ್ವು, ನಾನೇ ಕೀಳಿಸಿದೆ. ಈ ಕೂಸಿಂದು ಕೀಳಬ್ಯಾಡ್ರಿ" ಅಂದ್ಲು ಅವ್ವ, ಡಾಕ್ಟರ್‌ಗೆ.

ಹಂಗೇ ಆಗಲಿ, ಹಿಂದಿನ ಹಲ್ಲು ತಗದು ತಂತಿ ಹಾಕತೀನಿ ಅಂತ ಡಾಕ್ಟರ್ ಒಪ್ಪಿಕೊಂಡ್ಲು. ಆಮ್ಯಾಲ ಅವ್ವ, ಸುವರ್ಣಾಗೂ ಒಂದು ತಂತಿ ಹಾಕಿ ಆ ಎರಡು ಹಲ್ಲು ಕೆಳಗ ಇಳಿಸಾಕ ಬರತೈತೇನ್ರಿ ಅಂತ ಕೇಳಿದ್ಲು.

"ಇಳಿಸಾಕ ಹಲ್ಲರ ಇರಬೇಕಲ್ಲಬೇ" ಅಂದುಬಿಟ್ಟೆ ನಾನು.

ಸುವರ್ಣಾ ನನ್ನ ಕಡೆ ಸಿಟ್ಟಿಲೆ ನೋಡಿ, ಅವ್ವನ ಕೈ ಹಿಡಕೊಂಡು ಹೊರಗ ಕರಕೊಂಡು ಹೋದ್ಲು.