ಒಂದೇ ಶಾಲಿನ ಸನ್ಮಾನಗಳು

ನನ್ನ ನಾಲಿಗೆ ಉದ್ದ ಎಂದು ಮೈಸೂರಿನಲ್ಲಿ ನಮ್ಮತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಜರ್ಮನಿಗೆ ಬಂದ ಮೇಲೆ ಪಾಪ, ಅದಕ್ಕೆ ಕೆಲಸವೇ ಇರಲಿಲ್ಲ. ಕಂಪ್ಯೂಟರ್ ಇಂಜಿನಿಯರುಗಳಿಗೆಂದು ಆಗ ಜರ್ಮನಿಯವರು ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿದ್ದು ಗಂಡನಿಗೆ. ಅವರು ಬೆಳಿಗ್ಗೆ ಎದ್ದು ಶ್ವೀಬರ್ಡಿಂಗೆನ್‌ನ ಆಫೀಸಿಗೆ ಹೊರಟುಬಿಡುತ್ತಿದ್ದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ನನಗೆ ಇಲ್ಲಿ ಕೆಲಸ ಮಾಡಲು ಅನುಮತಿಯಿಲ್ಲ. ಕಿಟಕಿಯಲ್ಲಿ ನಿಂತು, ಪಕ್ಕದ ಮನೆಯವಳು ಕಸವನ್ನು ಬೇರೆ ಬೇರೆ ಡಬ್ಬಗಳಿಗೆ ಹಂಚುವುದನ್ನು ನೋಡುತ್ತಿದ್ದೆ. ಹಾಗಿರುವಾಗ, ಯುಗಾದಿ ಊಟದಲ್ಲಿ ಪರಿಚಯವಾಗಿದ್ದ ಪ್ರೊಫೆಸರೊಬ್ಬರು ಫೋನ್ ಮಾಡಿ, "ನಮ್ಮ ಶಾಲೇಲಿ ಪಾಠ ಮಾಡ್ತೀರೇನಮ್ಮಾ? ಸಂಬಳ ಇಲ್ಲ, ಪುಣ್ಯ ಇದೆ" ಎಂದರು. ಕುಣಿದುಕೊಂಡು ಹೋದೆ.

ಪ್ರೊಫೆಸರು ಮೂಲತಃ ಬಸವನಗುಡಿಯವರು. ಹೈಡೆಲ್‌ಬರ್ಗ್‌ನಲ್ಲಿ ಸಂಶೋಧನೆ ಮಾಡುತ್ತ ತಲೆ ಬೆಳ್ಳಗೆ ಮಾಡಿಕೊಂಡವರು. ನಿವೃತ್ತರಾದ ಮೇಲೆ ಸಿಂಡೆಲ್‌ಫಿಂಗೆನ್‌ನ ಒಂದು ಚರ್ಚಿನ ನೆಲಮಾಳಿಗೆಯನ್ನು ಕೇಳಿ ಪಡೆದು ಒಂದು ಪುಟ್ಟ ಶಾಲೆ ತೆರೆದಿದ್ದರು. ಉದ್ದೇಶ ಒಳ್ಳೆಯದೇ, ಇಲ್ಲ ಎನ್ನಲಾರೆ. ಈ ದೇಶದಲ್ಲಿ ನಾಲ್ಕನೇ ಕ್ಲಾಸು ಮುಗಿಯುವಷ್ಟರಲ್ಲಿ ಮೇಷ್ಟ್ರು ಮಗುವಿನ ಹಣೆಬರಹ ಬರೆದುಬಿಡುತ್ತಾರೆ. ಜಾಣರು ಗಿಮ್ನಾಜಿಯಂಗೆ, ಅಲ್ಲಿಂದ ಯೂನಿವರ್ಸಿಟಿಗೆ. ಉಳಿದವರು ಹೌಪ್ಟ್‌ಶೂಲೆಗೆ, ಅಲ್ಲಿಂದ ಯಾವುದಾದರೂ ಕೈಕೆಲಸಕ್ಕೆ. ಹೊರಗಿನಿಂದ ಬಂದ ಬಡವರ ಮಕ್ಕಳು ಎರಡನೆಯ ಗುಂಪಿಗೇ ಬೀಳುತ್ತಿದ್ದರು. ಒಪ್ಪದವರಿಗೆ ಒಂದು ಪರೀಕ್ಷೆಯಿತ್ತು. ಆ ಪರೀಕ್ಷೆ ಗೆಲ್ಲಿಸುವುದು, ಗೆದ್ದವರು ಜಾರದಂತೆ ನೋಡಿಕೊಳ್ಳುವುದು ನಮ್ಮ ಶಾಲೆಯ ಕೆಲಸ. ವಾರದ ಮಧ್ಯಾಹ್ನಗಳಲ್ಲಿ ನನ್ನ ಗಣಿತ. ಶನಿವಾರ ಒಬ್ಬ ನಿವೃತ್ತ ಜರ್ಮನ್ ಟೀಚರಮ್ಮನ ಉಕ್ತಲೇಖನ.

ತುರ್ಕರ, ಇಟಲಿಯವರ, ಸಿಲೋನ್ ತಮಿಳರ ಮಕ್ಕಳ ನಡುವೆ ಒಂದೇ ಒಂದು ಕನ್ನಡದ ಹುಡುಗಿ. ಅವಳಪ್ಪ ದಾವಣಗೆರೆಯವರು, ಊರಿನ ಇಂಡಿಯನ್ ರೆಸ್ಟೋರೆಂಟಿನಲ್ಲಿ ಅಡುಗೆಯವರು. ನಮ್ಮ ಇಂಜಿನಿಯರ್ ಸಂಸಾರಗಳು ಅಲ್ಲಿ ಹೋಗಿ ಚಪ್ಪರಿಸಿಕೊಂಡು ತಿನ್ನುತ್ತಿದ್ದವು, ಆದರೆ ಯುಗಾದಿ ಊಟಕ್ಕೆ ಅವರನ್ನು ಕರೆಯುತ್ತಿರಲಿಲ್ಲ. ಕರೆದರೆ ಬಡಿಸುವುದಕ್ಕೆ. ಹುಡುಗಿಯನ್ನು ಅವಳ ಕ್ಲಾಸ್ ಟೀಚರು ಮಂದ ಎಂದಿದ್ದಳು. ಮಂದವಂತೆ! ಭಿನ್ನರಾಶಿಯ ಲೆಕ್ಕ ನಾನು ಬೋರ್ಡಿನ ಮೇಲೆ ಬರೆದು ಮುಗಿಸುವ ಮೊದಲೇ ಉತ್ತರ ಹೇಳಿಬಿಡುತ್ತಿತ್ತು ಆ ಮಗು. ಜರ್ಮನ್ ಬರೆಯುವುದರಲ್ಲಿ ಮಾತ್ರ ಒದ್ದಾಡುತ್ತಿದ್ದಳು.

"ಮೇಡಂರ, ನಾನಂತೂ ಒಲಿ ಮುಂದ ಬೆಂದೆ. ಇಕಿ ಅಡಿಗಿಮನಿಗೆ ಕಾಲಿಡಬಾರದು ನೋಡ್ರಿ. ಅಷ್ಟ ನಾ ಕೇಳೋದು," ಎಂದಿದ್ದರು ಅವಳಪ್ಪ.

ಅವಳು ಪರೀಕ್ಷೆ ಬರೆದಳು, ಗೆದ್ದಳು. ಗಿಮ್ನಾಜಿಯಂ ಸೇರಿದ ದಿನ ಆ ಮನುಷ್ಯ ನಮ್ಮ ಬಾಗಿಲಲ್ಲಿ ನಿಂತು ಅತ್ತರು, ನಾನೂ ಅತ್ತೆ. ಆದರೆ ಸೇರಿದ ಮೇಲೂ ನೆಮ್ಮದಿಯಿರಲಿಲ್ಲ. ವರ್ಷದ ಕೊನೆಗೆ ಅಂಕ ಸಾಲದಿದ್ದರೆ ಕೆಳಗಿನ ಶಾಲೆಗೆ ತಳ್ಳುತ್ತಾರೆ.

ಆ ಗೆಲುವು ಪ್ರೊಫೆಸರ ತಲೆಗೇರಿತು. ಒಂದು ಶಾಲೆ ನಾಲ್ಕಾಗಬೇಕು ಎಂದರು. ಶಾಲೆ ಬೆಳೆಯಲು ಜಾಗ ಕೊಡುವವರು ಬೇಕು, ದುಡ್ಡು ಕೊಡುವವರು ಬೇಕು. ಅಂಥವರನ್ನು ಕರೆದು ಕೂರಿಸಿ ನಮ್ಮೂರಿನ ಪ್ರತಿಭಾ ಪುರಸ್ಕಾರವನ್ನೇ ಅವರು ಜರ್ಮನ್ ಭಾಷೆಯಲ್ಲಿ ನಡೆಸಿದರು. ಮೊದಲನೆಯದು ಲುಡ್ವಿಗ್ಸ್‌ಬುರ್ಗ್‌ನಲ್ಲಿ. ದೀಪ, ಸ್ವಾಗತ, ಹಣ್ಣಿನ ಬುಟ್ಟಿ, ಜರಿಯಂಚಿನ ಒಂದು ಶಾಲು, ತಿಂಡಿಗೆ ಹುಡುಗಿಯ ಅಪ್ಪನೇ ಕರಿದ ವಡೆ. ಹುಡುಗಿಯನ್ನು ಮುಂದೆ ನಿಲ್ಲಿಸಿ ಪರಿಚಯ ಶುರುಮಾಡಿದರು. ಈ ಮಗು ನಮ್ಮಲ್ಲಿಗೆ ಬಂದಾಗ ಮೂಕಪ್ರಾಣಿಯಂತಿತ್ತು, ಮೈಯೆಲ್ಲ ಒಗ್ಗರಣೆ ವಾಸನೆ, ಮನೆಯಲ್ಲಿ ಅಕ್ಷರದ ಗಂಧವಿಲ್ಲ, ತಂದೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವವನು. ಅಡುಗೆಯವರು ಎಂದರೆ ಕರುಣೆ ಸಾಕಷ್ಟು ಉಕ್ಕುವುದಿಲ್ಲವೆಂದು ಪಾತ್ರೆ ತೊಳೆಯಲು ಇಳಿಸಿಬಿಟ್ಟರು! ನನಗೆ ಮೈಯೆಲ್ಲ ಉರಿಯಿತು. ಸಭಿಕರು ತಲೆ ತೂಗಿದರು. ಒಬ್ಬಾಕೆ ಕಣ್ಣೊರೆಸಿಕೊಂಡಳು. ಹುಡುಗಿ ಶಾಲಿನ ಅಂಚಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಕೆಳಗಿಳಿದು ಬಂದಾಗ ಅಪ್ಪ ಹಿಗ್ಗಿ ಹೀರೇಕಾಯಾಗಿದ್ದರು. ಅವರಿಗೆ ಜರ್ಮನ್ ಬಾರದು. "ಏನಂದ್ರವ್ವಾ ಸಾಹೇಬ್ರು? ನನ್ ಕಡೆ ಕೈ ಮಾಡಿದ್ರಲ್ಲ?" ಎಂದು ಕೇಳಿದರು.

"ನಿನ್ನ ವಡಿ ಭಾಳ ಚಲೋ ಆಗ್ಯಾವ ಅಂದ್ರಪ್ಪಾ," ಎಂದಳು ಮಗಳು.

ಅಷ್ಟರಲ್ಲಿ ಪ್ರೊಫೆಸರು ಬಂದು ಕೈ ಚಾಚಿದರು. "ಶಾಲು ಕೊಡು ಮಗು, ಮುಂದಿನ ಶಾಲೆಗೆ ಬೇಕಾಗುತ್ತೆ." ಮಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡರು. ಹಣ್ಣಿನ ಬುಟ್ಟಿ ಮುಖ್ಯ ಅತಿಥಿಗೆ ಹೋಯಿತು.

ಆಮೇಲೆ ಅದೇ ಕಥೆ. ಈ ಶನಿವಾರ ಹೈಲ್‌ಬ್ರಾನ್, ಮುಂದಿನ ಶನಿವಾರ ಯಾರೋ ದೊಡ್ಡವರ ಮನೆಯಲ್ಲಿ ಚಹಾ, ಅದರಾಚೆಗೆ ಮತ್ತೊಂದು ಸಭೆ. ಎಲ್ಲ ಕಡೆ ಅದೇ ಹುಡುಗಿ, ಅದೇ ಪರಿಚಯ, ಅದೇ ಶಾಲು. ಉಕ್ತಲೇಖನದ ಟೀಚರಮ್ಮ ನನ್ನನ್ನು ಕರೆದು, ಈ ಮಗು ಶನಿವಾರಗಳಿಗೆ ಬರದಿದ್ದರೆ ನನ್ನ ಕೈಲಾಗದು ಎಂದಳು. ನಾನು ನೇರ ಪ್ರೊಫೆಸರ ಮುಂದೆ ಹೋಗಿ ನಿಂತೆ.

"ಸಾರ್, ಅವಳಿಗೆ ಜರ್ಮನ್‌ನಲ್ಲಿ ಮಾರ್ಕ್ಸ್ ಬರ್ತಿಲ್ಲ. ಶನಿವಾರ ಬಿಟ್ಬಿಡಿ."

"ಒಂದು ಮಗೂನ ಶನಿವಾರ ನೋಡ್ತೀರಲ್ಲ ನೀವು! ಅವಳು ಬಂದು ನಿಂತ್ರೆ ಒಂದು ಶಾಲೆ ಹುಟ್ಟುತ್ತಮ್ಮಾ. ಎಷ್ಟು ಮಕ್ಕಳಿಗೆ ದಾರಿಯಾಗುತ್ತೆ, ಯೋಚನೆ ಮಾಡಿ."

"ಅವಳಿಗೆ?"

"ಸ್ವಲ್ಪ ದೊಡ್ಡ ಮನಸ್ಸು ಮಾಡಿ," ಎಂದರು.

"ನಿಮ್ಮ ಮೊಮ್ಮಗಳನ್ನ ನಿಲ್ಲಿಸಿ ಸಾರ್, ದಡ್ಡಿ ಅಂತ ಪರಿಚಯ ಮಾಡ್ಕೊಡಿ. ನಾನೇ ಹೊಸ ಶಾಲು ತರ್ತೀನಿ," ಎಂದೆ. ಅವರು ಕನ್ನಡಕ ಒರೆಸಿಕೊಂಡರು, ಅಷ್ಟೆ.

ಅಲ್ಲಿಂದ ಅಡುಗೆಯವರ ಬಳಿ ಹೋಗಿ, ಶನಿವಾರದ ಪಾಠ ತಪ್ಪುತ್ತಿದೆ, ಸಭೆಗಳಿಗೆ ಕಳಿಸಬೇಡಿ ಎಂದು ಬಿಡಿಸಿ ಹೇಳಿದೆ. "ಹೆಂಗ್ ಬ್ಯಾಡ ಅನ್ಲಿ ಮೇಡಂರ? ಸೀಟು ಕೊಡಿಸಿದ ದೇವರು ಅವರು," ಎಂದರು. ಸೀಟು ಯಾರೂ ಕೊಡಿಸಲಿಲ್ಲ, ನಿಮ್ಮ ಮಗಳೇ ಬರೆದು ಗಿಟ್ಟಿಸಿದ್ದು ಎಂದು ತಲೆ ಚಚ್ಚಿಕೊಂಡೆ. ನಕ್ಕರು. ನಾನು ಸಂಕೋಚಕ್ಕೆ ಹಾಗೆ ಹೇಳುತ್ತಿದ್ದೇನೆಂದು ತಿಳಿದರು. ದೊಡ್ಡವರು ಕೈ ಹಾಕದೆ ತಮ್ಮ ಮಗಳಿಗೆ ಏನಾದರೂ ಸಿಗುತ್ತದೆ ಎಂಬುದನ್ನು ಆ ಮನುಷ್ಯ ನಂಬಲಾರದವರಾಗಿದ್ದರು.

ವರ್ಷದ ಕೊನೆಗೆ ಹುಡುಗಿಯನ್ನು ಹೌಪ್ಟ್‌ಶೂಲೆಗೆ ಕಳಿಸಿದರು. ಗಣಿತದಲ್ಲಿ ಕ್ಲಾಸಿಗೇ ಮೊದಲು. ಜರ್ಮನ್, ಇಂಗ್ಲಿಷ್ ಎರಡರಲ್ಲೂ ಫೇಲು. ಸುದ್ದಿ ತಿಳಿಸಲು ಫೋನ್ ಮಾಡಿದಾಗ ಪ್ರೊಫೆಸರು, "ಅಯ್ಯೋ, ಪಾಪ!" ಎಂದರು. ನಿಜವಾಗಿ ನೊಂದ ದನಿಯೇ ಅದು. ಆಮೇಲೆ ಒಂದು ಗುಟುಕು ಏನೋ ಕುಡಿದು, "ಹೈಡೆಲ್‌ಬರ್ಗ್ ಶಾಲೆ ಉದ್ಘಾಟನೆಗೆ ಬೇರೆ ಯಾರಿದ್ದಾರೆ ನೋಡಿ. ಹುಡುಗೀನೇ ಆದ್ರೆ ಒಳ್ಳೇದು," ಎಂದರು. ನಾನು ನೋಡಲಿಲ್ಲ. ಅವರೇ ನೋಡಿಕೊಂಡರು.

ಹೈಡೆಲ್‌ಬರ್ಗ್ ಶಾಲೆಯ ಉದ್ಘಾಟನೆಗೆ ನಾನು ಹೋದದ್ದು ನನ್ನ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು. ಕೋಪಕ್ಕೆ ಶಾಲೆ ಬಿಟ್ಟು ಬರಬಹುದಿತ್ತು, ಆದರೆ ಅವರನ್ನು ಯಾರ ಕೈಗೆ ಕೊಟ್ಟು ಬರಲಿ? ತಿಂಡಿಯ ಏರ್ಪಾಡು ಎಂದಿನಂತೆ ಅಡುಗೆಯವರದೇ. ಹಿಂದಿನ ಸಾಲಿನಲ್ಲಿ ಕೂತಿದ್ದಾಗ ಯಾರೋ ಮುಂದೆ ಟ್ರೇ ಹಿಡಿದರು. ತಲೆಯೆತ್ತಿ ನೋಡಿದರೆ ಅವಳು. ದೊಡ್ಡವರ ಏಪ್ರನ್ ಅನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಶನಿವಾರ ಈಗ ಅಪ್ಪನ ಜೊತೆ ಕೆಲಸವಂತೆ. ವಡೆ ತೆಗೆದುಕೊಳ್ಳಲಿಲ್ಲ.

ವೇದಿಕೆಯ ಮೇಲೆ ಹೊಸ ಹುಡುಗಿ, ತುರ್ಕರ ಮಗು. ಮೂಕಪ್ರಾಣಿ, ವಾಸನೆ, ಅಕ್ಷರದ ಗಂಧ, ಎಲ್ಲ ಮೊದಲಿನಂತೆಯೇ ಬಂತು. ಪ್ರೊಫೆಸರು ಕವರಿನಿಂದ ಶಾಲು ತೆಗೆದು ಹೊದಿಸಿದರು.

"ಆಂಟೀ, ಅದನ್ನ ಒಗದಾರೇನು?" ಎಂದು ಕೇಳಿದಳು ಟ್ರೇ ಹಿಡಿದವಳು.

"ಅವರಾ? ಒಗೀತಾರಾ!"

"ಅಂಚಿನ್ಯಾಗ ನಾ ಮೂಗು ಒರಸೇನಿ. ಆಕಿಗೆ ಹೇಳಬ್ಯಾಡ್ರಿ."

ಚಪ್ಪಾಳೆ ಮುಗಿದು ಆ ಮಗು ಕೆಳಗಿಳಿಯಿತು. ಮುಂದಿನ ಸಾಲಿನಲ್ಲಿ ತಲೆವಸ್ತ್ರದ ತಾಯಿ ಮಗಳ ಕೈ ಹಿಡಿದೆಳೆದು ತಮ್ಮ ಭಾಷೆಯಲ್ಲಿ ಏನೋ ಕೇಳಿದಳು. ಮಗಳು ಒಂದೇ ಮಾತು ಹೇಳಿದಳು. ತಾಯಿಯ ಮುಖ ಅರಳಿತು.

"ಆಕಿನೂ ಸುಳ್ಳು ಹೇಳಿದ್ಲು ನೋಡ್ರಿ," ಎಂದು ನಮ್ಮ ಹುಡುಗಿ ಟ್ರೇ ಎತ್ತಿಕೊಂಡು, ಮೊದಲು ಅವರಿಬ್ಬರಿಗೇ ವಡೆ ಕೊಡಲು ಹೋದಳು.