ಗೋಡೆಗೆ ಮುಖ ಮಾಡುವ ವೈಫೈ ಅಕ್ಕ

ಬೆಳಗಿನ ಆರೂವರೆ. ನಾಲ್ಕನೆಯ ಮಹಡಿಯ ಮನೆಯೊಂದರಲ್ಲಿ ಸ್ಟೂಲಿನ ಮೇಲೆ ನಿಂತ ಹೆಂಗಸೊಬ್ಬರು ಬೀರುವಿನ ಹಿಂದಿನಿಂದ ರೂಟರನ್ನು ಹೊರಗೆಳೆದು ಧೂಳು ಒರೆಸುತ್ತಿದ್ದಾರೆ.

“ಬಾಯಿಗೆ ಬಟ್ಟೆ ತುರುಕಿ ಹಾಡು ಅಂದ್ರೆ ಇದಾದ್ರೂ ಏನ್ಮಾಡುತ್ತೆ?”

ಬಡಾವಣೆಗೆ ಇವರು ವೈಫೈ ಅಕ್ಕ. ವಯಸ್ಸು ನಲವತ್ತೊಂಬತ್ತು. ತಾವು ಕೆಲಸಕ್ಕಿದ್ದ ಟೆಲಿಫೋನ್ ರಿಪೇರಿ ಅಂಗಡಿ ಮುಚ್ಚಿದಾಗ ಮನೆಮನೆಗೆ ವೈಫೈ ಹಾಕುವ ಈ ಕೆಲಸವನ್ನು ನೋಡಿ ನೋಡಿಯೇ ಕಲಿತವರು. ದಿನಕ್ಕೆ ಐದು ಮನೆ; ಹೆಗಲಿಗೆ ತಂತಿಯ ಸುರುಳಿ, ಕೈಯಲ್ಲಿ ಡ್ರಿಲ್ಲು. ಲಿಫ್ಟು ಕೆಟ್ಟ ದಿನ ಮೆಟ್ಟಿಲುಗಳ ಲೆಕ್ಕವನ್ನು ಮಂಡಿಯೇ ಒಪ್ಪಿಸುತ್ತದೆ.

ಈ ಮನೆಯಲ್ಲಿರುವುದು ಅತ್ತೆ, ಸೊಸೆ ಇಬ್ಬರೇ. ಸೊಸೆ ಮನೆಯಲ್ಲೇ ಕುಳಿತು ರೋಗಿಗಳ ವರದಿ ಟೈಪ್ ಮಾಡುತ್ತಾಳೆ. ಇಂದು ಒಂಬತ್ತರೊಳಗೆ ಇಂಟರ್ನೆಟ್ಟನ್ನು ಭದ್ರಪಡಿಸದಿದ್ದರೆ ಕೆಲಸವಿಲ್ಲ ಎಂದು ಕಚೇರಿ ಹೇಳಿದೆ. ವೈಫೈ ಅಕ್ಕ ಎಣಿಸಿ ನೋಡಿದರೆ ಇಪ್ಪತ್ತಮೂರು ಫೋನು, ಕಂಪ್ಯೂಟರುಗಳು ಈ ಮನೆಯ ವೈಫೈಗೆ ಜೋತುಬಿದ್ದಿವೆ. ಮನೆಯವು ಮೂರೇ.

ಕಾರಣ, ಕಳೆದ ವರ್ಷ ತೀರಿಕೊಂಡ ಮಾವ. ವೈಫೈಗೆ ‘ಬನ್ನಿ ಕೂತ್ಕೊಳ್ಳಿ’ ಎಂದು ಹೆಸರಿಟ್ಟವರು ಅವರೇ. ಬಂದವರಿಗೆಲ್ಲ ಪಾಸ್‌ವರ್ಡ್ ಹಂಚಿದವರೂ ಅವರೇ.

“ಅವರು ಕೊಟ್ಟಿದ್ದನ್ನ ನಾನು ಕಿತ್ಕೊಳ್ಳಲ್ಲ. ಅವರಿಟ್ಟ ಹೆಸರನ್ನ ಅಳಿಸೋಕೂ ಬಿಡಲ್ಲ,” ಎನ್ನುತ್ತಾರೆ ಅತ್ತೆ.

“ನನ್ನ ಕೆಲಸ ಹೋಗುತ್ತೆ ಅತ್ತೆ!” ಸೊಸೆ ಗಡಿಯಾರ ತೋರಿಸುತ್ತಾಳೆ.

ವೈಫೈ ಅಕ್ಕ ಸ್ಟೂಲಿನಿಂದ ಇಳಿಯುತ್ತಾರೆ. “ಅಮ್ಮಾ, ಬಂದೋರನ್ನ ಎಲ್ಲಿ ಕೂರಿಸ್ತೀರಿ?”

“ಇಲ್ಲೇ, ನಡುಮನೇಲಿ.”

“ಬೀರು ಕೀಲಿಕೈ ಕೊಟ್ಟು ಕೂರಿಸ್ತೀರಾ?”

“ಯಾರಾದ್ರೂ ಕೊಡ್ತಾರೇನೇ!”

“ಈ ವೈಫೈಲಿ ಕೊಟ್ಟಿದ್ದೀರಲ್ಲ.”

ಅತ್ತೆ ಗೋಡೆಯ ಮೇಲಿನ ಗಂಡನ ಪಟವನ್ನೊಮ್ಮೆ ನೋಡಿ, “ಹೆಸರು ಉಳಿಯುತ್ತಾ?” ಎಂದಷ್ಟೇ ಕೇಳುತ್ತಾರೆ.

ಉಳಿಯುತ್ತದೆ. ಅಕ್ಕ ಒಂದೇ ಸಂಪರ್ಕವನ್ನು ಎರಡು ಮಾಡುತ್ತಾರೆ. ಮನೆಯವರಿಗೆ ಹೊಸ ಹೆಸರಿನದು. ಅತಿಥಿಗಳಿಗೆ ಹಳೆಯ ಹೆಸರಿನದು. ಅತಿಥಿಗಳಿಗೆ ಇಂಟರ್ನೆಟ್ ಸಿಗುತ್ತದೆ, ಮನೆಯ ಕಂಪ್ಯೂಟರು ಕಾಣುವುದಿಲ್ಲ. ರೂಟರಿನ ಸೆಟ್ಟಿಂಗ್ ತೆರೆಯುವ, ಕಾರ್ಖಾನೆಯಿಂದ ಬಂದಂತೆಯೇ ಇದ್ದ ಪಾಸ್‌ವರ್ಡನ್ನೂ ಬದಲಿಸಲು ಹೇಳುತ್ತಾರೆ. ಹೊಸ ಪಾಸ್‌ವರ್ಡ್ ಒತ್ತಲು ಸೊಸೆ ಬೆರಳು ಎತ್ತಿದ್ದೇ ತಡ, ಅಕ್ಕ ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಅತಿಥಿಗಳ ಹೊಸ ಪಾಸ್‌ವರ್ಡನ್ನು ಅತ್ತೆಯೇ ಒಂದೊಂದೇ ಅಕ್ಷರವಾಗಿ ಒತ್ತಿ ಮುಗಿಸುವವರೆಗೂ ತಿರುಗುವುದಿಲ್ಲ.

“ಏನೇ ಇದು, ತಪ್ಪು ಮಾಡಿದ ಮಗು ಥರ ನಿಂತಿದ್ದೀಯ?”

“ತಪ್ಪು ಮಾಡಿದ್ದೀನಮ್ಮಾ, ಅದಕ್ಕೇ.”

ಮೊದಮೊದಲು ಗಿರಾಕಿಗಳು ಮರೆಯುತ್ತಾರೆಂದು ಎಲ್ಲರ ಪಾಸ್‌ವರ್ಡನ್ನೂ ಇವರು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಒಂದು ದಿನ ಪುಸ್ತಕ ಬಸ್ಸಿನಲ್ಲಿ ಕಳೆದುಹೋಯಿತು. ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ದೇವರೊಬ್ಬನಿಗೆ ಬಿಟ್ಟು. ಮೂವತ್ತೆಂಟು ಮನೆಗಳ ಮೆಟ್ಟಿಲು ಹತ್ತಿ, ತಪ್ಪೊಪ್ಪಿಕೊಂಡು, ಎಲ್ಲವನ್ನೂ ಬದಲಿಸಿಕೊಟ್ಟರು. ಒಂಬತ್ತು ಮನೆಯವರು ಮತ್ತೆಂದೂ ಕರೆಯಲಿಲ್ಲ.

ಎಂಟೂಮುಕ್ಕಾಲಿಗೆ ಕಚೇರಿಯಿಂದ ಒಪ್ಪಿಗೆ ಬರುತ್ತದೆ. ಸೊಸೆ ಉಸಿರುಬಿಟ್ಟು ವರದಿ ತೆರೆಯುತ್ತಾಳೆ. ಅಕ್ಕ ಬಾಗಿಲಲ್ಲಿ ನಿಂತು ತಮ್ಮ ಫೋನು ತೆಗೆದು ಎರಡೂ ಹೆಸರನ್ನು ಒತ್ತಿ ನೋಡುತ್ತಾರೆ. ಎರಡೂ ಪಾಸ್‌ವರ್ಡ್ ಕೇಳುತ್ತವೆ.

“ನನ್ನನ್ನೇ ಒಳಗೆ ಬಿಡ್ತಿಲ್ಲ. ಕೆಲಸ ಸರಿಯಾಗಿದೆ.”

ಅತ್ತೆಗೆ ಈಗ ಹಂಚುವ ಹುಮ್ಮಸ್ಸು. “ಬಂದೋರ ಪಾಸ್‌ವರ್ಡ್ ನಿಂಗೂ ಹೇಳ್ತೀನಿ ತಾಯಿ. ಬರ್ಕೋ.”

ಅಕ್ಕ ತಂತಿಯ ಸುರುಳಿಯನ್ನು ಹೆಗಲಿಗೇರಿಸುತ್ತಾರೆ.

“ಬೇಡಮ್ಮಾ. ಬರ್ಕೊಳ್ಳೋದು ಬಿಟ್ಟು ಹನ್ನೊಂದು ವರ್ಷ ಆಯ್ತು.”